ಸ್ಕಿಜೋಫ್ರೇನಿಯಾ ವಾರ್ಡಿನಲ್ಲಿ ಬಣ್ಣ, ಮಣ್ಣು, ಕಾಗದ: ನರ್ಸ್‌ಗಳಿಗೆ ಹಂತ ಹಂತದ ಮಾರ್ಗದರ್ಶಿ

ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆಯ ನರ್ಸಿಂಗ್ ವಿದ್ಯಾರ್ಥಿಗಳು ಮನೋರೋಗ ವಾರ್ಡಿಗೆ ಪೋಸ್ಟಿಂಗ್ ಬಂದಾಗ ಒಂದು ಕಲಾ ಚಟುವಟಿಕೆ ಮಾಡಿಸುತ್ತಾರೆ. ಬಹಳಷ್ಟು ಸಲ ಅದು ಹೀಗೆ ನಡೆಯುತ್ತದೆ. ಹನ್ನೆರಡು ಜನರನ್ನು ಸಾಲಾಗಿ ಕೂರಿಸುತ್ತಾರೆ. ಬಿಳಿ ಹಾಳೆ, ಸ್ಕೆಚ್ ಪೆನ್ ಹಂಚುತ್ತಾರೆ. ‘ನಿಮ್ಮ ಮನಸ್ಸಿನಲ್ಲಿ ಇರುವುದನ್ನು ಬಿಡಿಸಿ’ ಅನ್ನುತ್ತಾರೆ. ಐದು ನಿಮಿಷದೊಳಗೆ ಇಬ್ಬರು ಎದ್ದು ಹೋಗುತ್ತಾರೆ. ಒಬ್ಬರು ಹಾಳೆ ಮಡಚಿ ಕಿಸೆಗೆ ಹಾಕಿಕೊಳ್ಳುತ್ತಾರೆ. ಉಳಿದವರು ಪಕ್ಕದವರ ಹಾಳೆ ನೋಡುತ್ತಾ ಕೂರುತ್ತಾರೆ. ಫೈಲಿನಲ್ಲಿ ‘ರೋಗಿ ಸಹಕರಿಸಲಿಲ್ಲ’ ಎಂಬ ಸಾಲು ಬೀಳುತ್ತದೆ.

ಕೊನೆಗೆ ಕೊಡಬೇಕಾದ ಕೆಲಸವನ್ನು ಮೊದಲೇ ಕೊಟ್ಟರೆ ಹೀಗೇ ಆಗುವುದು. ಖಾಲಿ ಹಾಳೆ ಅಂದರೆ ಆರಾಮಾಗಿರುವ ನಮಗೇ ಭಯ ಅಲ್ವಾ? ಸ್ಕಿಜೋಫ್ರೇನಿಯಾದಲ್ಲಿ ಆಗುವಂತೆ ಕಿವಿಯಲ್ಲಿ ಯಾರೋ ಮಾತಾಡುತ್ತಿರುವಾಗ, ಯೋಚನೆಯ ಎಳೆ ಪದೇಪದೇ ಕಡಿಯುತ್ತಿರುವಾಗ, ಏನನ್ನಾದರೂ ಶುರು ಮಾಡುವ ಉಮೇದೇ ಇಲ್ಲದಿರುವಾಗ ಅದು ಇನ್ನೂ ಕಷ್ಟ. ಹಾಗಾಗಿ ಕೆಳಗಿನ ಹಂತಗಳಲ್ಲಿ ಕ್ರಮವೇ ಮುಖ್ಯ. ನಡುವೆ ಹಾರಬೇಡಿ.

ಮೊದಲೇ ಒಂದು ಮಾತು. ನಾವು ಮಾಡಿಸುವುದು ಕಲಾ ಚಟುವಟಿಕೆ. ಆರ್ಟ್ ಥೆರಪಿ, ಅಂದರೆ ಕಲೆಯ ಮೂಲಕ ಕೊಡುವ ಚಿಕಿತ್ಸೆ ಬೇರೆ, ಅದಕ್ಕೆ ಬೇರೆ ತರಬೇತಿ ಬೇಕು. ಇದರಿಂದ ಕಾಯಿಲೆ ವಾಸಿಯಾಗುತ್ತದೆ, ಮಾತ್ರೆ ಕಡಿಮೆ ಮಾಡಬಹುದು ಎಂದು ಮನೆಯವರಿಗೆ ಹೇಳಲೇಬೇಡಿ. ಬ್ರಿಟನ್ನಿನಲ್ಲಿ 417 ಜನರ ಮೇಲೆ ನಡೆದು 2012ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ, ವಾರಕ್ಕೊಮ್ಮೆ ಗುಂಪಿನಲ್ಲಿ ಆರ್ಟ್ ಥೆರಪಿ ಕೊಟ್ಟರೂ ಲಕ್ಷಣಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಬಹಳಷ್ಟು ಜನ ಗುಂಪಿಗೆ ಸರಿಯಾಗಿ ಬರಲೇ ಇಲ್ಲ. ಇದನ್ನು ಓದಿ ಚಟುವಟಿಕೆಯನ್ನೇ ಬಿಡಬೇಕು ಅಂತ ನನಗೆ ಅನ್ನಿಸಲಿಲ್ಲ. ಗುರಿ ಸಣ್ಣದಾಗಿರಲಿ ಅನ್ನಿಸಿತು. ಬರುವುದು, ಕೂರುವುದು, ಒಂದು ಕೆಲಸ ಮುಗಿಸುವುದು, ಪಕ್ಕದವರ ಹತ್ತಿರ ಒಂದು ಬಣ್ಣ ಕೇಳುವುದು. ಇಷ್ಟಾದರೆ ಆ ದಿನಕ್ಕೆ ಸಾಕು.

ಹಂತ 1: ಫೈಲ್ ನೋಡಿ, ಡಾಕ್ಟರ್ ಹತ್ತಿರ ಮಾತಾಡಿ

ಯಾರನ್ನು ಕರೆಯಬೇಕು ಎಂಬುದನ್ನು ನೀವೊಬ್ಬರೇ ತೀರ್ಮಾನಿಸಬೇಡಿ. ‘ಹೊಡಿ’, ‘ಸಾಯಿ’ ಎಂದು ಧ್ವನಿ ಆಜ್ಞೆ ಮಾಡುತ್ತಿರುವವರು, ಹಿಂದಿನ ರಾತ್ರಿ ರೇಗಾಡಿ ಇಂಜೆಕ್ಷನ್ ತೆಗೆದುಕೊಂಡವರು, ಕಲ್ಲಿನಂತೆ ಒಂದೇ ಭಂಗಿಯಲ್ಲಿ ಕೂತವರು, ಜ್ವರ ಇರುವವರು ಇವತ್ತು ಗುಂಪಿಗೆ ಬೇಡ. ಅವರ ಹಾಸಿಗೆ ಹತ್ತಿರ ಹೋಗಿ ಐದು ನಿಮಿಷ ಕೂತು ಬಂದರೆ ಆಯಿತು.

ಆಮೇಲೆ ಔಷಧಿಯ ಪಟ್ಟಿ ನೋಡಿ. ಹೊಸಬರು ಜಾಸ್ತಿ ಎಡವುವುದು ಇಲ್ಲೇ. ಹಾಲೊಪೆರಿಡಾಲ್, ರಿಸ್ಪೆರಿಡೋನ್ ತೆಗೆದುಕೊಳ್ಳುವವರಿಗೆ ಕೈ ನಡುಗಬಹುದು, ಬೆರಳು ಬಿಗಿಯಾಗಬಹುದು. ಅವರಿಗೆ ತೆಳು ಪೆನ್ಸಿಲ್ ಕೊಟ್ಟರೆ ಅವಮಾನ ಮಾಡಿದಂತೆ. ದಪ್ಪ ಕ್ರೇಯಾನ್ ಕೊಡಿ, ಹಾಳೆಯನ್ನು ಟೇಬಲ್ಲಿಗೆ ಟೇಪ್ ಹಚ್ಚಿ. ನಡುಕಕ್ಕೆ ಕೊಡುವ ಟ್ರೈಹೆಕ್ಸಿಫೆನಿಡಿಲ್ ಮಾತ್ರೆಯಿಂದ ಹತ್ತಿರದ್ದು ಮಸುಕಾಗಿ ಕಾಣಬಹುದು. ಗೆರೆಗಳು ದಪ್ಪ, ಬಣ್ಣ ತುಂಬುವ ಚೌಕದ ಮನೆಗಳು ದೊಡ್ಡವು ಇರಲಿ. ಓಲಾಂಜಪಿನ್, ಕ್ಲೋಜಪಿನ್ ಇದ್ದರೆ ತೂಕಡಿಕೆ ಬರುತ್ತದೆ. ಕ್ಲೋಜಪಿನ್‌ಗೆ ಜೊಲ್ಲೂ ಸುರಿಯುತ್ತದೆ. ಅದು ಹಾಳೆಯ ಮೇಲೆ ಬಿದ್ದರೆ ಅವರು ನಾಚಿಕೊಂಡು ಮತ್ತೆ ಬರುವುದಿಲ್ಲ. ಎಲ್ಲರ ಮುಂದೆಯೂ ಒಂದೊಂದು ಸಣ್ಣ ಟವೆಲ್ ಇಟ್ಟುಬಿಡಿ, ಒಬ್ಬರಿಗೇ ಕೊಡಬೇಡಿ. ಕ್ಲೋರ್‌ಪ್ರೊಮಜಿನ್ ತೆಗೆದುಕೊಳ್ಳುವವರ ಚರ್ಮಕ್ಕೆ ಬಿಸಿಲು ಬೇಗ ತಾಗುತ್ತದೆ. ವಿಜಯಪುರದ ಏಪ್ರಿಲ್ ಬಿಸಿಲಿನಲ್ಲಿ ಅವರನ್ನು ಅಂಗಳದಲ್ಲಿ ಕೂರಿಸಬಾರದು.

ಹಂತ 2: ಸಾಮಾನು ಆರಿಸಿ, ಎಣಿಸಿ

ಬೇಕಾದದ್ದು ಕಡಿಮೆ. ಎ4 ಮತ್ತು ಎ3 ಹಾಳೆ, ಗ್ರಾಫ್ ಹಾಳೆ, ದಪ್ಪ ಮೇಣದ ಕ್ರೇಯಾನ್, ಹಳೆಯ ವಾರಪತ್ರಿಕೆ, ಮೊದಲೇ ಕತ್ತರಿಸಿಟ್ಟ ಬಟ್ಟೆ ತುಂಡು, ಫೆವಿಕಾಲ್, ಟೇಪ್, ಹದ ಮಾಡಿದ ಮಣ್ಣು, ಪ್ಲಾಸ್ಟಿಕ್ ತಟ್ಟೆ. ಕ್ರೇಯಾನ್‌ಗೆ ಶಾರ್ಪನರ್ ಬೇಡ, ಅದೇ ದೊಡ್ಡ ಅನುಕೂಲ.

ಶಾರ್ಪನರ್ ಯಾಕೆ ಬೇಡ ಅಂದರೆ ಅದರೊಳಗೆ ಬ್ಲೇಡ್ ಇದೆ. ಸ್ಕ್ರೂ ಬಿಚ್ಚಿದರೆ ಕೈಗೆ ಬರುತ್ತದೆ. ಕಂಪಾಸು, ಚೂಪು ಕತ್ತರಿ, ಸೂಜಿ, ಸ್ಟೇಪ್ಲರ್, ಗಾಜಿನ ಬಾಟಲಿ, ಥಿನ್ನರ್, ದಾರದ ಉಂಡೆ, ದೊಡ್ಡ ಪ್ಲಾಸ್ಟಿಕ್ ಚೀಲ ಇವೂ ಬೇಡ. ಅಂಗಡಿಯ ರಂಗೋಲಿ ಪುಡಿಯನ್ನೂ ನಾನು ವಾರ್ಡಿಗೆ ತರುವುದಿಲ್ಲ. ಅದು ಕಲ್ಲಿನ ಪುಡಿ, ಗಾಳಿಗೆ ಹಾರಿ ಕಣ್ಣಿಗೆ ಬೀಳುತ್ತದೆ.

ನೀರಿನ ಬಣ್ಣದ ಬಗ್ಗೆ ಎಚ್ಚರ. ಸ್ಕಿಜೋಫ್ರೇನಿಯಾ ಇರುವ ಕೆಲವರು ಲೆಕ್ಕವಿಲ್ಲದೆ ನೀರು ಕುಡಿಯುತ್ತಾರೆ. ರಕ್ತದ ಸೋಡಿಯಂ ಇಳಿದು ಫಿಟ್ಸ್ ಬರುವ ಮಟ್ಟಕ್ಕೂ ಹೋಗಬಹುದು. ಅಂಥವರ ಮುಂದೆ ಲೋಟ ತುಂಬ ನೀರು ಇಟ್ಟರೆ ಬಣ್ಣದ ನೀರನ್ನೇ ಕುಡಿದುಬಿಡುತ್ತಾರೆ. ಒದ್ದೆ ಸ್ಪಂಜು ಸಾಕು.

ಕೊಡುವಾಗ ಎಣಿಸಿ, ಚೀಟಿಯಲ್ಲಿ ಬರೆಯಿರಿ. ‘ಕ್ರೇಯಾನ್ 24, ತಟ್ಟೆ 6, ಟೇಪ್ 1.’ ವಾಪಸ್ ಪಡೆಯುವಾಗ ಅದೇ ಚೀಟಿ ನೋಡಿ.

ಹಂತ 3: ಜಾಗ, ಹೊತ್ತು, ಜನ

ನಾಲ್ಕರಿಂದ ಆರು ಜನ, ಇಬ್ಬರು ಸಿಬ್ಬಂದಿ, ಮೂವತ್ತರಿಂದ ನಲವತ್ತು ನಿಮಿಷ. ನಾಷ್ಟಾ, ಬೆಳಗಿನ ಮಾತ್ರೆ, ರೌಂಡ್ಸ್ ಮುಗಿದು ತೂಕಡಿಕೆ ಸ್ವಲ್ಪ ಇಳಿದ ಮೇಲೆ ಶುರು ಮಾಡಿ. ವಾರದಲ್ಲಿ ಎರಡು ದಿನ, ಅದೇ ಹೊತ್ತು, ಅದೇ ಟೇಬಲ್. ಟಿವಿ ಬಂದ್. ಬಾಗಿಲು ತೆರೆದಿರಲಿ, ಬಾಗಿಲಿಗೆ ಹತ್ತಿರದ ಕುರ್ಚಿ ಸಿಬ್ಬಂದಿಯದು. ಯಾರ ಬೆನ್ನ ಹಿಂದೆಯೂ ನಿಂತು ನೋಡಬೇಡಿ. ‘ನನ್ನನ್ನು ಯಾರೋ ಹಿಂಬಾಲಿಸುತ್ತಿದ್ದಾರೆ’ ಅನ್ನುವವರ ಬೆನ್ನಿಗೆ ನಿಂತರೆ ಆ ದಿನದ ಕೆಲಸ ಅಲ್ಲಿಗೇ ಮುಗಿಯಿತು.

ಹಂತ 4: ಕರೆಯುವುದು

‘ಎಲ್ಲರೂ ಬನ್ನಿ, ಡ್ರಾಯಿಂಗ್ ಕ್ಲಾಸ್’ ಎಂದು ಕೂಗಿದರೆ ಶಾಲೆ ನೆನಪಾಗುತ್ತದೆ. ‘ನನಗ ಬರಂಗಿಲ್ರಿ’ ಎಂಬ ಉತ್ತರ ತಯಾರಿರುತ್ತದೆ. ಒಬ್ಬೊಬ್ಬರ ಹತ್ತಿರ ಹೋಗಿ, ಅವರ ವಯಸ್ಸಿಗೆ ತಕ್ಕಂತೆ ಕಾಕಾರ, ಅಕ್ಕಾರ, ಅಣ್ಣಾರ ಎಂದು ಕರೆದು, ಚಿಕ್ಕದಾಗಿ ಹೇಳಿ: ‘ಬರ್ರಿ ಕಾಕಾರ, ಹತ್ತು ನಿಮಿಷ ನನ್ನ ಬಾಜೂ ಕೂಡ್ರಿ. ಏನೂ ಮಾಡ್ಲಿಲ್ಲಂದ್ರೂ ನಡೀತೈತಿ.’ ಕೊನೆಯ ಮಾತನ್ನು ನಿಜವಾಗಿ ಪಾಲಿಸಬೇಕು. ಸುಮ್ನೆ ಕೂತವರಿಗೆ ಮತ್ತೆ ಮತ್ತೆ ಕ್ರೇಯಾನ್ ತುರುಕಬಾರದು.

ಬೆಳಗಾವಿಯಲ್ಲಿ ಮರಾಠಿ ಮಾತಾಡುವವರೂ ಉರ್ದು ಮಾತಾಡುವವರೂ ಅದೇ ಟೇಬಲ್ಲಿಗೆ ಬರುತ್ತಾರೆ. ಆಗ ಹೇಳುವುದಕ್ಕಿಂತ ಮಾಡಿ ತೋರಿಸುವುದು ಮೇಲು. ಮೂರು ಸಲ ಕರೆದರೂ ಬಾರದಿದ್ದರೆ ಬಿಡಿ. ಮುಂದಿನ ಸಲ ಮತ್ತೆ ಕರೆಯಿರಿ, ಅದೇ ದನಿಯಲ್ಲಿ.

ಹಂತ 5: ಐದು ಮೆಟ್ಟಿಲಿನ ಕೆಲಸ

ಒಬ್ಬೊಬ್ಬರು ಒಂದೊಂದು ಮೆಟ್ಟಿಲಿನಲ್ಲಿ ಇರುತ್ತಾರೆ. ಒಂದು ಮೆಟ್ಟಿಲಿನ ಕೆಲಸವನ್ನು ಎರಡು ಮೂರು ಸಲ ಆರಾಮಾಗಿ ಮುಗಿಸಿದ ಮೇಲೆ ಮುಂದಿನದಕ್ಕೆ ಹೋಗಿ. ಕಾಯಿಲೆ ಹೆಚ್ಚಾದ ವಾರ ಹಿಂದಿನ ಮೆಟ್ಟಿಲಿಗೆ ಇಳಿಯುವುದು ಸೋಲೇನಲ್ಲ.

ಮೊದಲ ಮೆಟ್ಟಿಲು, ಬಣ್ಣ ತುಂಬುವುದು. ಗುಳೇದಗುಡ್ಡದ ಖಣದಂತೆ ಚೌಕ ಚೌಕವಾಗಿ ದೊಡ್ಡ ಮನೆಗಳನ್ನು ನೀವೇ ಎಳೆದಿಡಿ. ಎರಡು ಮನೆಗೆ ನೀವೇ ಬಣ್ಣ ತುಂಬಿ ಕೊಡಿ. ಅರ್ಧ ಶುರುವಾದ ಕೆಲಸವನ್ನು ಮುಂದುವರಿಸುವುದು ಹೊಸದಾಗಿ ಶುರು ಮಾಡುವುದಕ್ಕಿಂತ ಸುಲಭ. ಮಕ್ಕಳ ಬಣ್ಣದ ಪುಸ್ತಕ ಮಾತ್ರ ತರಬೇಡಿ. ನಲವತ್ತೈದು ವರ್ಷದ ರೈತನ ಮುಂದೆ ಬಾತುಕೋಳಿ ಚಿತ್ರ ಇಟ್ಟರೆ ಅವರಿಗೇನು ಅನ್ನಿಸಬೇಡ?

ಎರಡನೆಯದು, ಚುಕ್ಕಿ ಮತ್ತು ಗೆರೆ. ಚುಕ್ಕಿ ಇಟ್ಟ ಹಾಳೆ ಕೊಟ್ಟರೆ ಹೆಣ್ಣುಮಕ್ಕಳ ಕೈ ತಾನಾಗಿ ರಂಗೋಲಿಗೆ ಓಡುತ್ತದೆ. ಗ್ರಾಫ್ ಹಾಳೆಯ ಮೇಲೆ ಕಸೂತಿ ಇನ್ನೂ ಚೆನ್ನ. ಗವಂತಿ, ಮುರ್ಗಿ ಎರಡೂ ಎಳೆ ಎಣಿಸಿ ಹಾಕುವ ಹೊಲಿಗೆ, ಚೌಕದ ಹಾಳೆಗೆ ಹೇಳಿ ಮಾಡಿಸಿದಂತಿವೆ. ಸೂಜಿ ಇಲ್ಲದೆ ಅದೇ ವಿನ್ಯಾಸ ಬರುತ್ತದೆ. ಒಮ್ಮೆ ನಾನು ಗೋಪುರದ ಗೆರೆಯನ್ನು ತಪ್ಪು ತಪ್ಪಾಗಿ ಎಳೆಯುತ್ತಿದ್ದೆ. ಎಂಟು ದಿನದಿಂದ ಹೂಂ, ಹಾಂ ಬಿಟ್ಟು ಬೇರೆ ಮಾತಾಡದ ಒಬ್ಬ ಅವ್ವ ನನ್ನ ಕೈಯಿಂದ ಕ್ರೇಯಾನ್ ಕಸಿದುಕೊಂಡರು. ‘ಹಂಗಲ್ರಿ ಸಿಸ್ಟರ್, ಎರಡು ಮನಿ ಬಿಟ್ಟು ತಿರಗಬೇಕು.’ ಅವತ್ತಿನಿಂದ ನಾನು ತಪ್ಪನ್ನು ಬೇಕೆಂದೇ ಮಾಡುತ್ತೇನೆ. (ಕೆಲವು ಸಲ ಬೇಕೆಂದಲ್ಲ, ನಿಜವಾಗಿ ಬರುವುದೇ ಇಲ್ಲ.) ರಂಗೋಲಿ ಹೆಂಗಸರ ಕೆಲಸ ಅನ್ನುವ ಗಂಡಸರಿಗೆ ಇಳಕಲ್ ಸೀರೆಯ ದಡಿಯ ಗೆರೆ ಕೊಡಿ. ಮಗ್ಗದ ಮನೆಯಿಂದ ಬಂದವರು ಇದ್ದರೆ ನಿಮಗೇ ಪಾಠ ಶುರುವಾಗುತ್ತದೆ.

ಮೂರನೆಯದು, ರಟ್ಟಿನ ಕೌದಿ. ಬಟ್ಟೆ ತುಂಡುಗಳನ್ನು ರಟ್ಟಿನ ಮೇಲೆ ಅಂಟಿಸುವುದು. ಇಲ್ಲಿ ಮೊದಲ ಸಲ ಆಯ್ಕೆ ಬರುತ್ತದೆ, ಯಾವ ತುಂಡು, ಎಲ್ಲಿ ಎಂದು. ಹತ್ತಕ್ಕಿಂತ ಜಾಸ್ತಿ ತುಂಡು ಮುಂದಿಡಬೇಡಿ. ರಾಶಿ ಹಾಕಿದರೆ ಆಯ್ಕೆ ಮಾಡಲಾಗದೆ ಕೈ ಕಟ್ಟಿ ಕೂರುತ್ತಾರೆ. ಒಬ್ಬೊಬ್ಬರ ಚೌಕ ಮುಗಿದ ಮೇಲೆ ಎಲ್ಲವನ್ನೂ ಜೋಡಿಸಿ ಒಂದೇ ಕೌದಿ ಮಾಡಬಹುದು. ಯಾರೂ ಯಾರ ಜೊತೆ ಮಾತಾಡದೆಯೂ ಅದು ಗುಂಪಿನ ಕೆಲಸ ಆಗುತ್ತದೆ.

ನಾಲ್ಕನೆಯದು, ಮಣ್ಣು. ನಮ್ಮ ಕಡೆ ಮಣ್ಣೆತ್ತಿನ ಅಮವಾಸ್ಯೆಗೆ ಎತ್ತು ಮಾಡದ ಕೈ ಅಪರೂಪ. ಆಕಾರ ಎಲ್ಲರಿಗೂ ಗೊತ್ತು, ‘ಏನು ಮಾಡಲಿ’ ಎಂಬ ಪ್ರಶ್ನೆ ಏಳುವುದಿಲ್ಲ. ಹೊಲದ ಎರಿಮಣ್ಣು ಕೈಗೆ ಮೆತ್ತುತ್ತದೆ, ಒಣಗಿದರೆ ಸೀಳುತ್ತದೆ. ಮರುದಿನ ಕಾಲು ಮುರಿದ ಎತ್ತು ನೋಡಿ ಅಳುವವರನ್ನು ಕಂಡಿದ್ದೇನೆ. ಕುಂಬಾರರ ಹತ್ತಿರ ಹದ ಮಾಡಿದ ಮಣ್ಣು ತನ್ನಿ. ಮಣ್ಣು ತಿನ್ನುವ ಅಭ್ಯಾಸ ಇರುವವರು, ಕೈಗೆ ಗಾಯ ಇರುವವರು, ‘ನನ್ನ ಮೈಯೆಲ್ಲಾ ಹೊಲಸಾಗಿದೆ’ ಎಂದು ಪದೇಪದೇ ಕೈ ತೊಳೆಯುವವರು ಇದ್ದರೆ ಅವರಿಗೆ ಕೌದಿಯೇ ಇರಲಿ.

ಐದನೆಯದು, ಖಾಲಿ ಹಾಳೆ. ಅದಕ್ಕೂ ಗಟ್ಟಿಯಾದ ವಿಷಯ ಬೇಕು: ನಮ್ಮ ಹೊಲ, ನಮ್ಮ ಅಡುಗೆಮನೆ, ಸಂತೆಯಲ್ಲಿ ಕಂಡ ಐದು ವಸ್ತು. ‘ನಿಮ್ಮ ಭಯ ಬಿಡಿಸಿ’, ‘ಕಿವಿಯಲ್ಲಿ ಕೇಳುವ ಧ್ವನಿಯನ್ನು ಬಿಡಿಸಿ’ ಅನ್ನುವುದು ನಮ್ಮ ಕೆಲಸವಲ್ಲ. ದೇವರ ಅವತಾರ ನಾನೇ ಅನ್ನುವವರಿಗೆ ದೇವರ ಚಿತ್ರ ಬೇಡ. ಕ್ಯಾಮೆರಾ ನನ್ನನ್ನೇ ನೋಡುತ್ತಿದೆ ಅನ್ನುವವರಿಗೆ ಮುಖ, ಕಣ್ಣು ಬೇಡ.

ಹಂತ 6: ಮಾಡುವಾಗ ನೀವೇನು ಮಾಡಬೇಕು

ನೀವೂ ಕೂತು ಅದೇ ಕೆಲಸ ಮಾಡಿ. ಮೊಬೈಲ್ ನೋಡುತ್ತಾ ಕಾವಲು ಕಾಯುವುದಾದರೆ ಚಟುವಟಿಕೆ ಇಟ್ಟುಕೊಳ್ಳದಿರುವುದೇ ಒಳ್ಳೆಯದು.

ಒಂದು ಸಲಕ್ಕೆ ಒಂದೇ ಸೂಚನೆ. ‘ಕೆಂಪು ತಗೋರಿ’ ಅಂದು ನಿಲ್ಲಿಸಿ. ಕೈ ಚಲಿಸುವವರೆಗೆ ಮನಸ್ಸಿನಲ್ಲೇ ಹತ್ತು ಎಣಿಸಿ. ಈ ಕಾಯಿಲೆಯಲ್ಲಿ ಮಾತು ಒಳಗೆ ಹೋಗಿ ಕೈಗೆ ಬರಲು ಹೊತ್ತು ಹಿಡಿಯುತ್ತದೆ. ನಾವು ತಾಳ್ಮೆಗೆಟ್ಟು ಎರಡನೇ ಸೂಚನೆ ಕೊಟ್ಟರೆ ಮೊದಲಿನದೂ ಅಳಿಸಿಹೋಗುತ್ತದೆ.

‘ವಾವ್, ಸೂಪರ್’ ಬೇಡ. ಹುಸಿ ಹೊಗಳಿಕೆ ಅವರಿಗೂ ತಿಳಿಯುತ್ತದೆ. ಕಂಡದ್ದನ್ನು ಹೇಳಿ: ‘ಈ ಮನಿ ಪೂರಾ ತುಂಬಿತು ನೋಡ್ರಿ.’

ನಡುವೆ ಯಾರಾದರೂ ಗೋಡೆಯ ಕಡೆ ತಿರುಗಿ ತಮ್ಮಷ್ಟಕ್ಕೆ ಮಾತಾಡತೊಡಗಿದರೆ ವಾದಕ್ಕೆ ಇಳಿಯಬೇಡಿ, ಹೂಂಗುಟ್ಟಲೂ ಬೇಡಿ. ‘ನನಗ ಆ ಧ್ವನಿ ಕೇಳಸವಲ್ದುರಿ. ಆದ್ರ ನಿಮಗ ಅದರಿಂದ ತ್ರಾಸ ಆಗೇತಿ ಅನ್ನೂದು ಗೊತ್ತಾಗ್ತೈತಿ’ ಎಂದು ಹೇಳಿ, ಹೆಸರು ಹಿಡಿದು ಕರೆದು ಮುಂದಿನ ಮನೆ ತೋರಿಸಿ. ಎರಡು ಸಲ ಮರಳದಿದ್ದರೆ ಎಬ್ಬಿಸಿ, ವರಾಂಡದಲ್ಲಿ ಜೊತೆಗೆ ನಡೆಯಿರಿ.

ಪದೇಪದೇ ಏಳುವವರನ್ನು ‘ಆಸಕ್ತಿ ಇಲ್ಲ’ ಎಂದು ಬರೆದುಬಿಡುತ್ತಾರೆ. ಕಾಲು ಕುಣಿಸುತ್ತಾ, ಒಂದು ಕಾಲಿಂದ ಇನ್ನೊಂದಕ್ಕೆ ಭಾರ ಹಾಕುತ್ತಾ, ಕೂರಲಾರದೆ ಒದ್ದಾಡುವುದು ಔಷಧಿಯ ಅಡ್ಡಪರಿಣಾಮವೂ ಆಗಿರಬಹುದು. ನಿಂತೇ ಮಾಡಲು ಬಿಡಿ, ಡಾಕ್ಟರಿಗೆ ಹೇಳಿ.

ಹಂತ 7: ಚಿತ್ರದ ಬಗ್ಗೆ ಕೇಳುವುದು

ಇಲ್ಲಿ ಎಲ್ಲರಿಗೂ ಮನಶ್ಶಾಸ್ತ್ರಜ್ಞರಾಗುವ ಹುಕಿ ಬರುತ್ತದೆ. ಕಪ್ಪು ಬಣ್ಣ ಅಂದರೆ ದುಃಖ, ಬಾಗಿಲಿಲ್ಲದ ಮನೆ ಅಂದರೆ ಒಂಟಿತನ. ಇಂಥ ಅರ್ಥ ಹೇಳುವ ವಿಡಿಯೋಗಳು ಮೊಬೈಲಿನಲ್ಲಿ ಬೇಕಾದಷ್ಟಿವೆ. ನನ್ನ ಅನುಭವದಲ್ಲಿ ಕಪ್ಪು ಕ್ರೇಯಾನ್ ಎತ್ತಿಕೊಂಡವರಲ್ಲಿ ಮುಕ್ಕಾಲು ಪಾಲು ಜನ ಅದು ಕೈಗೆ ಹತ್ತಿರ ಇತ್ತು ಅಂತ ಎತ್ತಿಕೊಂಡಿರುತ್ತಾರೆ.

ಕೇಳಬೇಕಾದದ್ದು ಎರಡೇ. ‘ಇದರಾಗ ಏನೇನು ಐತ್ರಿ?’ ಮತ್ತು ‘ಇದಕ್ಕ ಏನ್ ಹೆಸರಿಡೋಣು?’ ‘ಯಾಕ’ ಎಂಬ ಪ್ರಶ್ನೆ ತನಿಖೆಯಂತೆ ಕೇಳುತ್ತದೆ, ಬಿಟ್ಟುಬಿಡಿ. ಉತ್ತರ ಬರದಿದ್ದರೂ ಆಯಿತು. ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ.

ಇದಕ್ಕೆ ಒಂದೇ ಅಪವಾದ. ಹಗ್ಗ, ಬಾವಿ, ಹೆಣ, ತನ್ನದೇ ಸಮಾಧಿ ಹಾಳೆಯ ಮೇಲೆ ಬಂದರೆ ಅರ್ಥ ಊಹಿಸುತ್ತಾ ಕೂರಬೇಡಿ. ಆಮೇಲೆ ಬೇರೆ ಕರೆದುಕೊಂಡು ಹೋಗಿ, ಸಾಯುವ ವಿಚಾರ ಬರುತ್ತಿದೆಯಾ ಎಂದು ನೇರವಾಗಿ ಕೇಳಿ. ಕೇಳಿದರೆ ಆ ಯೋಚನೆ ತಲೆಗೆ ಹೊಕ್ಕುತ್ತದೆ ಎಂಬ ಭಯ ಬೇಡ, ಹಾಗಾಗುವುದಿಲ್ಲ. ಹೌದು ಅಂದರೆ ಅವರನ್ನು ಒಬ್ಬರೇ ಬಿಡದೆ ಡ್ಯೂಟಿ ಡಾಕ್ಟರನ್ನು ಕರೆಸಿ.

ಹಂತ 8: ಮುಗಿಸುವುದು

ಐದು ನಿಮಿಷ ಮೊದಲೇ ಹೇಳಿ. ಥಟ್ಟನೆ ಕಸಿದುಕೊಂಡರೆ ರೇಗುತ್ತಾರೆ. ಸಾಮಾನು ಎಣಿಸಿ, ಕೈ ತೊಳೆಸಿ. ಒಂದು ಕ್ರೇಯಾನ್ ಕಡಿಮೆ ಬಂದರೂ ಸಿಗುವವರೆಗೆ ಯಾರನ್ನೂ ಕಳಿಸಬೇಡಿ, ಆದರೆ ಕಳ್ಳತನದ ಮಾತು ಎತ್ತಬೇಡಿ.

ಚಿತ್ರ ಯಾರದು? ಮಾಡಿದವರದು. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ, ಒಂದು ಆಸ್ಪತ್ರೆಯಲ್ಲಿ, ಅಕ್ಟೋಬರ್ 10ರ ಮಾನಸಿಕ ಆರೋಗ್ಯ ದಿನಕ್ಕೆ ಅಂತ ಎಲ್ಲರ ಚಿತ್ರಗಳನ್ನೂ ಹೆಸರು ಸಮೇತ ಗೋಡೆಗೆ ಹಚ್ಚಿದ್ದೆ. ಕೇಳಿರಲಿಲ್ಲ. ನೋಡಲು ಬಂದ ಯಾರದೋ ನೆಂಟರು ಒಂದು ಚಿತ್ರ ನೋಡಿ ನಕ್ಕರು. ಮಾಡಿದ ಹುಡುಗ ಅಲ್ಲೇ ನಿಂತಿದ್ದ. ಆಮೇಲೆ ಅವನು ಡಿಸ್ಚಾರ್ಜ್ ಆಗುವವರೆಗೂ ಟೇಬಲ್ ಹತ್ತಿರ ಸುಳಿಯಲಿಲ್ಲ. ಚಿಕಿತ್ಸೆಯಲ್ಲಿರುವವರ ಫೋಟೋ, ಮಾಹಿತಿಯನ್ನು ಅವರ ಒಪ್ಪಿಗೆ ಇಲ್ಲದೆ ಮಾಧ್ಯಮಕ್ಕೆ ಕೊಡಬಾರದು ಎಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೇ ಹೇಳುತ್ತದೆ. ವಾಟ್ಸಾಪ್ ಸ್ಟೇಟಸ್‌ಗೂ ಅದೇ ಅಳತೆ ಇಟ್ಟುಕೊಳ್ಳಿ. ಹರಿದು ಹಾಕುತ್ತೇನೆ ಅಂದರೆ ಹರಿಯಲು ಬಿಡಿ. ಇನ್ನೊಂದು: ಇಂಥವರ ಕೈಯಿಂದ ಮಾರಾಟಕ್ಕೆ ವಸ್ತು ಮಾಡಿಸುವುದಾದರೆ ಒತ್ತಾಯ ಮಾಡುವಂತಿಲ್ಲ, ಕೆಲಸಕ್ಕೆ ತಕ್ಕ ಹಣವನ್ನೂ ಕೊಡಬೇಕು. ಅದೂ ಅದೇ ಕಾಯ್ದೆಯಲ್ಲಿದೆ.

ಹಂತ 9: ಬರೆಯುವುದು

‘ಸಹಕರಿಸಿದರು’, ‘ಚೆನ್ನಾಗಿ ಮಾಡಿದರು’ ಎಂಬ ಸಾಲುಗಳಿಂದ ಮುಂದಿನ ಶಿಫ್ಟಿನವರಿಗೆ ಏನೂ ತಿಳಿಯುವುದಿಲ್ಲ. ಕಂಡದ್ದು, ಕೇಳಿದ್ದು, ಎಷ್ಟು ಹೊತ್ತು, ಎಷ್ಟು ಸಲ ಎಂಬುದನ್ನು ಬರೆಯಿರಿ. ಹೀಗೆ:

‘10:45ರಿಂದ 11:10. ಎರಡನೇ ಸಲ ಕರೆದಾಗ ಬಂದರು. ನಡುವೆ ಒಮ್ಮೆ ಎದ್ದು ತಾವೇ ಮರಳಿ ಕೂತರು. ಆರು ಮನೆಗೆ ಬಣ್ಣ ತುಂಬಿದರು. ಪಕ್ಕದವರ ಹತ್ತಿರ ಕೆಂಪು ಕ್ರೇಯಾನ್ ಕೇಳಿದರು. ಎರಡು ಸಲ ಗೋಡೆ ಕಡೆ ತಿರುಗಿ ತುಟಿ ಆಡಿಸಿದರು, ಹೆಸರು ಕರೆದಾಗ ಕೆಲಸಕ್ಕೆ ಮರಳಿದರು. ಬಲಗೈ ನಡುಕ ಕಳೆದ ವಾರಕ್ಕಿಂತ ಜಾಸ್ತಿ, ಡಾಕ್ಟರಿಗೆ ತಿಳಿಸಲಾಗಿದೆ.’

ಇಂಥ ನಾಲ್ಕು ವಾರದ ಬರಹ ಮುಂದಿಟ್ಟರೆ ಡಾಕ್ಟರ್ ಕೂಡ ನಿಂತು ಓದುತ್ತಾರೆ.

ಹಂತ 10: ತಕ್ಷಣ ನಿಲ್ಲಿಸಬೇಕಾದ ಸೂಚನೆಗಳು

ಕಣ್ಣುಗುಡ್ಡೆ ಮೇಲಕ್ಕೆ ಸಿಕ್ಕಿಕೊಳ್ಳುವುದು, ಕತ್ತು ಒಂದು ಕಡೆ ತಿರುಚುವುದು, ದವಡೆ ಬಿಗಿಯುವುದು: ಇದು ನಾಟಕ ಅಲ್ಲ, ಔಷಧಿಯಿಂದ ಸ್ನಾಯು ಸೆಳೆದಿರುವುದು. ಕೂಡಲೇ ಡಾಕ್ಟರ್ ಬೇಕು. ಇಂಜೆಕ್ಷನ್ ಕೊಟ್ಟರೆ ಬೇಗ ಬಿಡುತ್ತದೆ.

ಜ್ವರ, ಮೈಯೆಲ್ಲಾ ಮರದಂತೆ ಬಿಗಿ, ಬೆವರು, ಗೊಂದಲ ಒಟ್ಟಿಗೆ ಕಂಡರೆ ಜೀವಕ್ಕೇ ಅಪಾಯ. ಅದು ತುರ್ತು. ಕ್ಲೋಜಪಿನ್ ತೆಗೆದುಕೊಳ್ಳುವವರು ಗಂಟಲು ನೋವು, ಜ್ವರ ಅಂದರೆ ಅದೇ ದಿನ ರಕ್ತ ಪರೀಕ್ಷೆ ಆಗಬೇಕು. ಬಿಳಿ ರಕ್ತಕಣ ಇಳಿದಿರಬಹುದು.

ಇನ್ನು ವರ್ತನೆ. ಮುಷ್ಟಿ ಬಿಗಿಯುವುದು, ದನಿ ಏರುವುದು, ಒಬ್ಬರನ್ನೇ ದಿಟ್ಟಿಸುವುದು, ಹಾಳೆ ಹರಿಯುವಂತೆ ಒತ್ತಿ ಗೀಚುವುದು. ಇಂಥ ಹೊತ್ತಿನಲ್ಲಿ ಗುಂಪನ್ನು ಇನ್ನೊಬ್ಬ ಸಿಬ್ಬಂದಿಗೆ ಬಿಟ್ಟು ಅವರನ್ನು ಮೆಲ್ಲಗೆ ಹೊರಗೆ ಕರೆಯಿರಿ. ಮೈ ಮುಟ್ಟಬೇಡಿ. ಇಬ್ಬರ ನಡುವೆ ಒಂದು ಕೈಯಳತೆಗಿಂತ ಜಾಸ್ತಿ ಜಾಗ ಇರಲಿ.

ಹಂತ 11: ಮನೆಗೆ ಹೋಗುವಾಗ

ಡಿಸ್ಚಾರ್ಜ್ ದಿನ ಹೇಳಿದರೆ ಮನೆಯವರಿಗೆ ಯಾವುದೂ ತಲೆಗೆ ಹೋಗುವುದಿಲ್ಲ. ಎರಡು ದಿನ ಮೊದಲು ಅವರನ್ನು ಟೇಬಲ್ ಹತ್ತಿರ ಕೂರಿಸಿ, ತಮ್ಮವರು ಯಾವ ಮೆಟ್ಟಿಲಿನಲ್ಲಿದ್ದಾರೆ ತೋರಿಸಿ. ಮನೆಯಲ್ಲಿ ಮಾಡಿಸಬೇಕಾದದ್ದೂ ಅದೇ ಮೆಟ್ಟಿಲು, ದಿನಕ್ಕೆ ಇಪ್ಪತ್ತು ನಿಮಿಷ, ಜೊತೆಗೆ ಒಬ್ಬರು ಕೂತು. ‘ಇದೇನು ಸಣ್ಣ ಹುಡುಗರಂಗ’ ಎಂಬ ಮಾತು ಮನೆಯಲ್ಲಿ ಬರುತ್ತದೆ, ಬರುವ ಮೊದಲೇ ಅದರ ಬಗ್ಗೆ ಮಾತಾಡಿ. ಮಾತ್ರೆ ತಪ್ಪಿಸಬಾರದು ಎಂಬುದನ್ನೂ ಅದೇ ಉಸಿರಿನಲ್ಲಿ ಹೇಳಿ.

ತಾಲ್ಲೂಕು ಆಸ್ಪತ್ರೆಗಳಲ್ಲಿ ಮಾನಸಿಕ ಕಾಯಿಲೆಗೆಂದು ಸರ್ಕಾರ ನಡೆಸುವ ಮನೋಚೈತನ್ಯ ಕಾರ್ಯಕ್ರಮದ ಮಂಗಳವಾರದ ಕ್ಲಿನಿಕ್ ಇರುತ್ತದೆ. ಮುಂದಿನ ತಪಾಸಣೆ ಅಲ್ಲಿ ಸಾಧ್ಯವಾ ಎಂದು ಡಾಕ್ಟರಿಗೆ ಕೇಳಿ ದಿನಾಂಕ ಬರೆದುಕೊಡಿ. ಹಗಲು ಹೊತ್ತಿನ ಆರೈಕೆಗೆ ಮಾನಸಧಾರ ಕೇಂದ್ರ ಹತ್ತಿರದಲ್ಲಿ ಇದೆಯಾ ಎಂದು ಜಿಲ್ಲಾ ಮಾನಸಿಕ ಆರೋಗ್ಯ ತಂಡದವರಿಂದ ತಿಳಿದುಕೊಳ್ಳಿ. ರಾತ್ರಿ ಹೊತ್ತು ಗಾಬರಿಯಾದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು. ಈ ನಂಬರನ್ನು ಮಾತ್ರೆಯ ಚೀಟಿಯ ಹಿಂದೆ ದೊಡ್ಡದಾಗಿ ಬರೆಯಿರಿ. ಚೀಟಿಯ ಜೊತೆ ಹತ್ತು ಚೌಕದ ಹಾಳೆ, ಆರು ದಪ್ಪ ಕ್ರೇಯಾನ್ ಕಟ್ಟಿ ಕೊಡಿ. ಮೊದಲ ಹಾಳೆಯ ಎರಡು ಮನೆಗೆ ಬಣ್ಣ ತುಂಬಿರಲಿ.